ಕಾರಿನ ಖರ್ಚು ಬ್ರಾಂಡಿನಲ್ಲಿಲ್ಲ

ಕಾರು ಕೊಳ್ಳಲು ಹೊರಟವನಿಗೆ ನಮ್ಮಲ್ಲಿ ಸಿಗುವ ಮೊದಲ ಸಲಹೆ ಎಂಜಿನ್ನಿನ ಬಗ್ಗೆ ಇರುವುದಿಲ್ಲ, ಗೇರ್‌ಬಾಕ್ಸಿನ ಬಗ್ಗೆಯೂ ಇರುವುದಿಲ್ಲ. "ಮಾರುತಿ ತಗೊಳ್ಳಿ, ಮೇಂಟೆನೆನ್ಸೇ ಇಲ್ಲ." "ಟೊಯೊಟಾ ಆದ್ರೆ ಆಯಿಲ್ ಹಾಕಿಸ್ತಾ ಇರಿ, ಸಾಕು." "ಸ್ಕೋಡಾ, ಫೋಕ್ಸ್‌ವ್ಯಾಗನ್ ಸಹವಾಸ ಬೇಡ, ಆನೆ ಸಾಕಿದ ಹಾಗೆ." ಮದುವೆ ಮನೆಯ ಊಟದ ಸಾಲಿನಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಸಾಲ ಕೊಡುವ ಬ್ಯಾಂಕಿನ ಮೇಜಿನ ಮುಂದೆ ಇದೇ ಮಾತು. ಮನೆಯೊಂದನ್ನು ಬಿಟ್ಟರೆ ಮಧ್ಯಮ ವರ್ಗದವರು ಮಾಡುವ ಅತಿ ದೊಡ್ಡ ಖರ್ಚು ಇಂಥ ಮೂರು ಮಾತಿನ ಮೇಲೆ ತೀರ್ಮಾನವಾಗಿಬಿಡುತ್ತದೆ. ಖರ್ಚು ಬ್ರಾಂಡಿನಿಂದ ತೀರ್ಮಾನವಾಗುತ್ತದೆ ಎಂಬ ಈ ನಂಬಿಕೆ ತಪ್ಪು. ಕೊಳ್ಳುವವನಿಗೆ ನಷ್ಟ ತರುವ, ಕಂಪನಿಗಳನ್ನು ಪ್ರಶ್ನೆಯಿಂದ ಪಾರು ಮಾಡುವ ತಪ್ಪು. ಅದಕ್ಕೇ ಇದನ್ನು ಸುಮ್ಮನೆ ಕೇಳಿಸಿಕೊಂಡು ಬಿಡಬಾರದು.

ಒಂದು ಕಾರು ಹತ್ತು ವರ್ಷದಲ್ಲಿ ಎಷ್ಟು ದುಡ್ಡು ಕೇಳುತ್ತದೆ ಎಂಬುದಕ್ಕೆ ಬಾನೆಟ್ಟಿನ ಮೇಲಿನ ಲಾಂಛನದಲ್ಲಿ ಉತ್ತರವಿಲ್ಲ. ಆ ಗಾಡಿಯೊಳಗೆ ಯಾವ ಎಂಜಿನ್ ಕೂತಿದೆ, ಅದಕ್ಕೆ ಯಾವ ಗೇರ್‌ಬಾಕ್ಸ್ ಜೋಡಿಸಿದ್ದಾರೆ, ಕೆಟ್ಟುಹೋದ ಭಾಗ ಬಿಡಿಯಾಗಿ ಸಿಗುತ್ತದೆಯೋ ಇಲ್ಲ ಇಡೀ ಅಸೆಂಬ್ಲಿಯನ್ನೇ ಕೊಳ್ಳಬೇಕೋ, ಅದನ್ನು ಬಿಚ್ಚಿ ನೋಡಲು ಯಾರಿಗೆ ಅವಕಾಶವಿದೆ ಎಂಬುದರಲ್ಲಿ ಉತ್ತರವಿದೆ. ಒಂದೇ ಕಂಪನಿಯ ಎರಡು ಕಾರುಗಳ ನಡುವೆ, ಕೆಲವೊಮ್ಮೆ ಒಂದೇ ಕಾರಿನ ಎರಡು ಮಾದರಿಗಳ ನಡುವೆ, ಈ ಉತ್ತರ ಬದಲಾಗುತ್ತದೆ.

ಮಾರುತಿಗೆ ಖರ್ಚಿಲ್ಲ ಎಂಬ ಮಾತು ಹುಟ್ಟಿದ್ದು ಮಾರುತಿ 800ರಿಂದ. 1983ರ ಡಿಸೆಂಬರಿನಲ್ಲಿ ಬಂದ ಆ ಕಾರು 2014ರ ಜನವರಿಯವರೆಗೆ ತಯಾರಾಯಿತು. 796 ಸಿಸಿ, ಮೂರು ಸಿಲಿಂಡರ್, ಮೊದಲ ವರ್ಷಗಳಲ್ಲಿ ಕಾರ್ಬ್ಯುರೇಟರ್. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಎಟುಕುತ್ತಿತ್ತು. ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ ಸ್ಪ್ಯಾನರ್ ಸೆಟ್ಟು, ಸ್ಪಾರ್ಕ್‌ಪ್ಲಗ್ ಬ್ರಷ್ಷು ಇಟ್ಟುಕೊಂಡೇ ಅದನ್ನು ಓಡಿಸಿಕೊಡುತ್ತಿದ್ದ. ಖರ್ಚು ಕಡಿಮೆ ಇದ್ದದ್ದು ಆ ಯಂತ್ರ ಸರಳವಾಗಿದ್ದರಿಂದ. ಅದೇ ಹೆಸರಿನಡಿ ಈಗ ಮಾರುತ್ತಿರುವುದು ಬೇರೆಯೇ ಯಂತ್ರಗಳನ್ನು: ಗೇರ್ ಬದಲಿಸಲು ಆಕ್ಚುಯೇಟರ್ ಇರುವ ಎಎಂಟಿ, ಟರ್ಬೊ ಪೆಟ್ರೋಲ್, ಲಿಥಿಯಂ ಬ್ಯಾಟರಿಯ ಹೈಬ್ರಿಡ್. ಗ್ರಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್ ತಂತ್ರ ಟೊಯೊಟಾದ್ದು; ಆ ಕಾರು ತಯಾರಾಗುವುದೂ ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ. 2021ರ ಸೆಪ್ಟೆಂಬರಿನಲ್ಲಿ ಮಾರುತಿ ಮೋಟರ್ ಜನರೇಟರ್ ಯೂನಿಟ್ ಪರೀಕ್ಷಿಸಿ ಬದಲಿಸಲು 1,81,754 ಪೆಟ್ರೋಲ್ ಕಾರುಗಳನ್ನು ವಾಪಸ್ ಕರೆಯಿತು. ಉಚಿತವಾಗಿ ಸರಿಪಡಿಸಿಕೊಟ್ಟಿದ್ದು ಕಂಪನಿಗೆ ಗೌರವವೇ. ಆದರೆ ಆ ಭಾಗ ಮಾರುತಿ 800ರಲ್ಲಿ ಇರಲೇ ಇಲ್ಲ. ಅಪ್ಪನ ಕಾಲದ ಕಾರಿನ ಒಳ್ಳೆಯ ಹೆಸರನ್ನು ಮಗನ ಕಾಲದ ಕಾರಿಗೆ ಜಮಾ ಮಾಡುವುದಕ್ಕೆ ಲೆಕ್ಕಶಾಸ್ತ್ರದಲ್ಲಿ ಜಾಗವಿಲ್ಲ.

ಬ್ರಾಂಡಿನ ಮಾತು ಎಷ್ಟು ಪೊಳ್ಳು ಎಂಬುದಕ್ಕೆ ಭಾರತದ ರಸ್ತೆಗಳೇ ಒಂದು ದೊಡ್ಡ ಪ್ರಯೋಗ ನಡೆಸಿ ತೋರಿಸಿವೆ. ಫಿಯಟ್‌ನ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ನಿನ ಕಥೆ ಅದು. 1248 ಸಿಸಿ, ನಾಲ್ಕು ಸಿಲಿಂಡರ್, ಬೆಲ್ಟ್ ಬದಲು ಟೈಮಿಂಗ್ ಚೈನ್. ಇಟಲಿಯ ಈ ಎಂಜಿನ್ ಇಲ್ಲಿ ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲೂ ಹರಿಯಾಣದ ಮಾನೇಸರ್‌ನಲ್ಲೂ ತಯಾರಾಯಿತು. 2007ರಲ್ಲಿ ಸ್ವಿಫ್ಟ್‌ಗೆ ಬಂತು. ಆಮೇಲೆ ಡಿಜೈರ್, ರಿಟ್ಜ್, ಎರ್ಟಿಗಾ, ಸಿಯಾಜ್. ಟಾಟಾದ ಇಂಡಿಕಾ ವಿಸ್ಟಾ ಮತ್ತು ಮಾಂಜಾದಲ್ಲಿ ಕ್ವಾಡ್ರಾಜೆಟ್ ಎಂಬ ಹೆಸರಿನಲ್ಲಿ ಕೂತಿತು. ಷೆವ್ರೊಲೆ ಸೇಲ್‌ಗೂ ಹೋಯಿತು. ಫಿಯಟ್ ತನ್ನದೇ ಪುಂಟೊ ಮತ್ತು ಲಿನಿಯಾದಲ್ಲಿ ಇಟ್ಟದ್ದೂ ಇದನ್ನೇ. 2020ರ ಏಪ್ರಿಲಿನಲ್ಲಿ ಹೊಗೆ ನಿಯಂತ್ರಣದ ಬಿಎಸ್-6 ನಿಯಮ ಬರುವ ಹೊತ್ತಿಗೆ ನಿಂತುಹೋಗುವ ಮುನ್ನ ಜನ ಇದನ್ನು ದೇಶದ ರಾಷ್ಟ್ರೀಯ ಎಂಜಿನ್ ಎಂದೇ ಕರೆಯುತ್ತಿದ್ದರು.

ಈಗ ಇದೇ ಜನ ಆಡಿದ ಮಾತು ನೋಡಿ. ಸ್ವಿಫ್ಟ್ ಡೀಸೆಲ್ ಚಿನ್ನದಂಥ ಗಾಡಿ, ಕಣ್ಣು ಮುಚ್ಚಿ ತಗೊಳ್ಳಬಹುದು. ಲಿನಿಯಾ ಬೇಡವೇ ಬೇಡ, ಫಿಯಟ್ ಅಂದರೆ ಜೇಬು ಖಾಲಿ. ಎಂಜಿನ್ ಯಾರದ್ದೋ ಅವರಿಗೆ ಕೆಟ್ಟ ಹೆಸರು, ಅದನ್ನು ತಂದು ಕೂರಿಸಿಕೊಂಡವರಿಗೆ ಒಳ್ಳೆಯ ಹೆಸರು. ಬ್ರಾಂಡಿನಿಂದ ಖರ್ಚು ನಿರ್ಧಾರವಾಗುತ್ತದೆ ಎನ್ನುವವರು ಇದನ್ನು ಹೇಗೆ ವಿವರಿಸುತ್ತಾರೆ? ನಿಜವಾಗಿ ನಡೆದದ್ದು ಬೇರೆ. 2006ರಿಂದ 2012ರವರೆಗೆ ಫಿಯಟ್ ಕಾರುಗಳ ಮಾರಾಟ, ಸರ್ವಿಸು ಟಾಟಾ ಮಳಿಗೆಗಳ ಮೂಲಕ ನಡೆಯಿತು. ಆ ಮಳಿಗೆಯವರಿಗೆ ಫಿಯಟ್ ಎರಡನೆಯ ಮಗು. ಪಾರ್ಟು ಸ್ಟಾಕ್ ಇರುತ್ತಿರಲಿಲ್ಲ, ಗಾಡಿ ವಾರಗಟ್ಟಲೆ ಅಂಗಳದಲ್ಲೇ ನಿಲ್ಲುತ್ತಿತ್ತು. ಮಾಲೀಕರಿಗೆ ದುಬಾರಿಯಾದದ್ದು ಅಂಗಡಿ. ಎಂಜಿನ್ ಕೆಲಸಕ್ಕೆ ಸ್ವಿಫ್ಟ್ ಡೀಸೆಲ್ ಬಿಚ್ಚಿ ಕೈ ಪಳಗಿದ ಹೊರಗಿನ ಗ್ಯಾರೇಜನ್ನು ಹಿಡಿದವರಿಗೆ ಅದೇ ಕಬ್ಬಿಣ ಅದೇ ಮಜೂರಿಗೆ ರಿಪೇರಿಯಾಯಿತು.

ಇನ್ನೊಂದು ಉದಾಹರಣೆ ನಮ್ಮ ಕಣ್ಣೆದುರೇ ಇದೆ. 2019ರಲ್ಲಿ ಬಂದ ಟೊಯೊಟಾ ಗ್ಲಾಂಜಾ ಬೇರೇನೂ ಅಲ್ಲ, ಲಾಂಛನ ಬದಲಿಸಿಕೊಂಡ ಮಾರುತಿ ಬಲೆನೊ. ರೂಮಿಯನ್ ಎಂದರೆ ಎರ್ಟಿಗಾ. ಟೈಸರ್ ಎಂದರೆ ಫ್ರಾಂಕ್ಸ್. ತಿರುಗಿಸಿ ನೋಡಿದರೆ ಮಾರುತಿ ಇನ್‌ವಿಕ್ಟೊ ಎಂದರೆ ಟೊಯೊಟಾ ಇನ್ನೋವಾ ಹೈಕ್ರಾಸ್. ಗ್ಲಾಂಜಾ ಕೊಂಡವನು "ಟೊಯೊಟಾ ಅಲ್ವಾ, ಗಟ್ಟಿ" ಎನ್ನುತ್ತಾನೆ, ಬಲೆನೊ ಕೊಂಡವನು "ಮಾರುತಿ ಅಲ್ವಾ, ಅಗ್ಗ" ಎನ್ನುತ್ತಾನೆ. ಇಬ್ಬರ ಮನೆ ಮುಂದೆ ನಿಂತಿರುವುದು ಒಂದೇ ಗಾಡಿ. ಗ್ಲಾಂಜಾ ಬಂದಾಗ ವ್ಯತ್ಯಾಸವಿದ್ದದ್ದು ವಾರಂಟಿಯಲ್ಲಿ: ಟೊಯೊಟಾ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ಕೊಟ್ಟಿತು, ಮಾರುತಿ ಅದೇ ಯಂತ್ರಕ್ಕೆ 2 ವರ್ಷ ಅಥವಾ 40,000 ಕಿಲೋಮೀಟರ್ ಕೊಟ್ಟಿತ್ತು. ದೀರ್ಘಕಾಲದ ಖರ್ಚಿನ ದೃಷ್ಟಿಯಿಂದ ಇದು ನಿಜವಾದ ಅಂತರ, ಕಾಗದದ ಮೇಲೆ ಅಚ್ಚಾಗಿರುವ ಅಂತರ. ಆಗ ಎಷ್ಟು ಜನ ಇದನ್ನು ಓದಿ ಕಾರು ಆರಿಸಿದರು? 2024ರ ಜುಲೈಯಲ್ಲಿ ಮಾರುತಿಯೂ ತನ್ನ ವಾರಂಟಿಯನ್ನು 3 ವರ್ಷ, 1 ಲಕ್ಷ ಕಿಲೋಮೀಟರಿಗೆ ಏರಿಸಿತು. ಬ್ರಾಂಡಿನ ಬಗ್ಗೆ ನಡೆದಷ್ಟು ಚರ್ಚೆ ಆ ಕಾಗದದ ಬಗ್ಗೆ ನಡೆದಿದ್ದರೆ ಅದು ಇನ್ನೂ ಮೊದಲೇ ಆಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಜರ್ಮನ್ ಕಾರುಗಳ ವಿಷಯಕ್ಕೆ ಬರೋಣ, ಏಕೆಂದರೆ ಹೆದರಿಕೆ ಹೆಚ್ಚು ಇರುವುದು ಅಲ್ಲಿ. ಫೋಕ್ಸ್‌ವ್ಯಾಗನ್ ವರ್ಟಸ್ 2022ರಲ್ಲಿ ಬಂದಾಗ ಅದರಲ್ಲಿ ಎರಡು ಬಗೆಯ ಆಟೋಮ್ಯಾಟಿಕ್ ಇತ್ತು. 1.0 ಲೀಟರ್ ಎಂಜಿನ್ನಿನ ಜೊತೆ ಜಪಾನಿನ ಐಸಿನ್ ಕಂಪನಿಯ ಆರು ಗೇರಿನ ಟಾರ್ಕ್ ಕನ್ವರ್ಟರ್. 1.5 ಲೀಟರ್ ಎಂಜಿನ್ನಿನ ಜೊತೆ ಏಳು ಗೇರಿನ ಡಿಎಸ್‌ಜಿ, ಅಂದರೆ ಒಣ ಕ್ಲಚ್ಚುಗಳೆರಡು ಇರುವ ಪೆಟ್ಟಿಗೆ. ಟಾರ್ಕ್ ಕನ್ವರ್ಟರಿನಲ್ಲಿ ಶಕ್ತಿ ದಾಟುವುದು ಎಣ್ಣೆಯ ಮೂಲಕ. ಬೆಂಗಳೂರಿನ ಸಿಲ್ಕ್‌ಬೋರ್ಡ್ ಜಂಕ್ಷನ್ನಿನಲ್ಲಿ ಗಾಡಿ ಅಡಿ ಅಡಿಯಾಗಿ ತೆವಳಿದರೂ ಅಲ್ಲಿ ಸವೆಯುವಂಥದ್ದು ಕಡಿಮೆ. ಒಣ ಕ್ಲಚ್ಚಿನ ಡಿಎಸ್‌ಜಿಯಲ್ಲಿ ಆ ತೆವಳಾಟದ ಪ್ರತಿ ಅಡಿಯೂ ಹಾಫ್ ಕ್ಲಚ್. ಬಿಸಿಯೇರುತ್ತದೆ, ಫಲಕ ತೇಯುತ್ತದೆ. ಹೆದ್ದಾರಿಯಲ್ಲಿ ಅದೇ ಪೆಟ್ಟಿಗೆ ಸೊಗಸಾಗಿ ಓಡುತ್ತದೆ. ಹಾಗಾದರೆ "ಫೋಕ್ಸ್‌ವ್ಯಾಗನ್ ಖರ್ಚು" ಎಂದರೆ ಯಾವುದು? ಒಂದೇ ಹೆಸರಿನ, ಒಂದೇ ಬಣ್ಣದ, ಒಂದೇ ಶೋರೂಮಿನಲ್ಲಿ ಅಕ್ಕಪಕ್ಕ ನಿಂತ ಎರಡು ಕಾರುಗಳಿಗೆ ಹತ್ತನೆಯ ವರ್ಷದಲ್ಲಿ ಬರಬಹುದಾದ ಬಿಲ್ಲಿನ ಸ್ವರೂಪವೇ ಬೇರೆ. ಹುಂಡೈ ಕ್ರೆಟಾದಲ್ಲೂ ಹಾಗೇ: ಪೆಟ್ರೋಲಿಗೆ ಬೆಲ್ಟಿನ ಐವಿಟಿ, ಡೀಸೆಲ್ಲಿಗೆ ಟಾರ್ಕ್ ಕನ್ವರ್ಟರ್, ಟರ್ಬೊ ಪೆಟ್ರೋಲಿಗೆ ಡಿಸಿಟಿ, ಅಂದರೆ ಡಿಎಸ್‌ಜಿಯಂಥದ್ದೇ ಎರಡು ಕ್ಲಚ್ಚಿನ ಪೆಟ್ಟಿಗೆ. ಫೋಕ್ಸ್‌ವ್ಯಾಗನ್‌ಗೆ ಹೆದರಿ ಹುಂಡೈಗೆ ಹೋಗಿ, ಅಲ್ಲಿ ಡಿಸಿಟಿ ಕೊಂಡು, ದಿನಾ ಔಟರ್ ರಿಂಗ್ ರೋಡಿನಲ್ಲಿ ನಿಲ್ಲುವವರು ಯಾವ ಖರ್ಚಿನಿಂದ ತಪ್ಪಿಸಿಕೊಂಡರು?

ಡಿಎಸ್‌ಜಿಯಲ್ಲಿ ದೋಷ ಇತ್ತು, ನಿಜ. 2013ರ ಮಾರ್ಚಿನಲ್ಲಿ ಚೀನಾದ ಸರ್ಕಾರಿ ಟಿವಿಯ ಗ್ರಾಹಕ ದಿನದ ಕಾರ್ಯಕ್ರಮ ಅದನ್ನು ಬಯಲಿಗೆಳೆದ ಮೇಲೆ ಕಂಪನಿ ಅಲ್ಲಿ 3,84,181 ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ಚೀನಾದ ಗ್ರಾಹಕರ ಕೈ ಹಿಡಿದದ್ದು ಇಂಥ ಗೇರ್‌ಬಾಕ್ಸಿನಲ್ಲಿ ಇಂಥ ತೊಂದರೆ ಎಂಬ ಖಚಿತವಾದ ಆರೋಪ. "ಜರ್ಮನ್ ಕಾರೇ ಹಾಗೆ" ಎಂದು ತಲೆಯಾಡಿಸಿ ಕೂತಿದ್ದರೆ ಒಂದು ಕಾರೂ ವಾಪಸ್ ಹೋಗುತ್ತಿರಲಿಲ್ಲ. ಇತ್ತ, ಕೆಡುವುದೇ ಇಲ್ಲ ಎಂದು ಹೆಸರಾದ ಟೊಯೊಟಾ ಅಮೆರಿಕದಲ್ಲಿ ಮಾರಿದ 2007ರ ನಂತರದ ಕ್ಯಾಮ್ರಿಗಳ 2.4 ಲೀಟರ್ ಎಂಜಿನ್ ವಿಪರೀತ ಆಯಿಲ್ ಕುಡಿಯಿತು. ಕಂಪನಿ ವಾರಂಟಿ ಹಿಗ್ಗಿಸಿ ಪಿಸ್ಟನ್ ಮತ್ತು ರಿಂಗು ಬದಲಿಸಿಕೊಡಬೇಕಾಯಿತು. ದೋಷ ಒಂದು ಎಂಜಿನ್ನಿನಲ್ಲಿ, ಒಂದು ಪೆಟ್ಟಿಗೆಯಲ್ಲಿ, ಒಂದು ತಯಾರಿಕೆಯ ಅವಧಿಯಲ್ಲಿ ಇರುತ್ತದೆ. ಅದನ್ನು ಕುಲದ ಗುಣ ಮಾಡಿದ ಕೂಡಲೇ ಹೊಣೆ ಯಾರದ್ದು ಎಂಬ ಪ್ರಶ್ನೆ ಕರಗಿಹೋಗುತ್ತದೆ.

"ಹಾಗಾದರೆ ಲಕ್ಷಾಂತರ ಜನರ ಅನುಭವ ಸುಳ್ಳೇ? ಇನ್ನೋವಾ ನಾಲ್ಕೈದು ಲಕ್ಷ ಕಿಲೋಮೀಟರ್ ಓಡುವುದು ಸುಳ್ಳೇ?" ಎಂದು ಕೇಳುವವರಿದ್ದಾರೆ. ಓಡುವುದು ನಿಜ. 2005ರಲ್ಲಿ ಬಂದ ಇನ್ನೋವಾದ 2.5 ಲೀಟರ್ ಡೀಸೆಲ್ ಎಂಜಿನ್ ಮತ್ತು ಲ್ಯಾಡರ್ ಚಾಸಿ ಗಟ್ಟಿಯಾದವು. ಆದರೆ ಬಾಳಿಕೆ ಬರುವುದು ಬೇರೆ, ಕಡಿಮೆ ಖರ್ಚಾಗುವುದು ಬೇರೆ. ಇವೆರಡನ್ನೂ ಒಂದೇ ಮಾಡಿ ಮಾತಾಡುವುದರಿಂದಲೇ ಗೊಂದಲ. ನಾಲ್ಕು ಲಕ್ಷ ಓಡಿದ ಇನ್ನೋವಾದ ಮಾಲೀಕ ಆ ಹಾದಿಯಲ್ಲಿ ಕ್ಲಚ್ಚು, ಸಸ್ಪೆನ್ಷನ್ ಬುಷ್ಷು, ಇಂಜೆಕ್ಟರು, ಟರ್ಬೊ, ಹಲವು ಸೆಟ್ಟು ಟೈರು ಬದಲಿಸಿರುತ್ತಾನೆ. ಸಾಮಾನ್ಯವಾಗಿ ಟ್ಯಾಕ್ಸಿಯವನೇ ಆಗಿರುವುದರಿಂದ ಅವನು ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸುತ್ತಾನೆ, ಗಾಡಿ ನಿಂತರೆ ಅನ್ನ ನಿಲ್ಲುತ್ತದೆ ಎಂದು ಗೊತ್ತಿರುವುದರಿಂದ ಸಣ್ಣ ಶಬ್ದ ಬಂದರೂ ಗ್ಯಾರೇಜಿಗೆ ಒಯ್ಯುತ್ತಾನೆ. ಅವನ ಕಿಲೋಮೀಟರಿನ ಬಹುಪಾಲು ಹೆದ್ದಾರಿಯದ್ದು, ಎಂಜಿನ್ ಒಮ್ಮೆ ಬಿಸಿಯಾದರೆ ಗಂಟೆಗಟ್ಟಲೆ ಸಮನಾಗಿ ಓಡುತ್ತದೆ. ವಾರಕ್ಕೊಮ್ಮೆ ತರಕಾರಿ ತರಲು ಹೊರಡುವ ಕಾರಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಜೊತೆಗೆ, ಹಳೆಯ ಇನ್ನೋವಾ ಕೊಳ್ಳುವವನು ಆ ಹೆಸರಿಗೆಂದೇ ಲಕ್ಷಗಟ್ಟಲೆ ಹೆಚ್ಚು ಕೊಟ್ಟಿರುತ್ತಾನೆ. ರಿಪೇರಿಯಲ್ಲಿ ಉಳಿಸಿದೆ ಎಂದು ಅವನು ಹೇಳುವ ಹಣ ಕೊಳ್ಳುವ ದಿನವೇ ಕೈಬಿಟ್ಟಿದೆ.

ಬ್ರಾಂಡಿನ ನಂಬಿಕೆ ಮಾಡುವ ದೊಡ್ಡ ಹಾನಿ ಗಾಡಿಗೇ ಆಗುತ್ತದೆ. ಖರ್ಚಿಲ್ಲದ ಕಾರು ಎಂದು ನಂಬಿದವನು ಖರ್ಚು ಮಾಡುವುದನ್ನೇ ಬಿಡುತ್ತಾನೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಅದರ ಕುದಿಬಿಂದು ಇಳಿದು, ಚಾರ್ಮಾಡಿ, ಆಗುಂಬೆಯಂಥ ಘಾಟಿಯ ಇಳಿತದಲ್ಲಿ ಪೆಡಲು ಮೆತ್ತಗಾಗುತ್ತದೆ. ಕೂಲಂಟಿಗೆ ನಲ್ಲಿ ನೀರು ಬೆರೆಸಿದರೆ ರೇಡಿಯೇಟರ್ ಒಳಗಿನಿಂದ ತಿಂದುಹೋಗುತ್ತದೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಿನಲ್ಲಿ, ಡಸ್ಟರ್‌ನ 1.5 ಡೀಸೆಲ್ ಇದಕ್ಕೆ ಉದಾಹರಣೆ, ಕೈಪಿಡಿ ಹೇಳಿದ ಅವಧಿಗೆ ಬೆಲ್ಟ್ ಹಾಕಿಸದಿದ್ದರೆ ಅದು ಹರಿದ ಕ್ಷಣ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ, ಅಲ್ಲಿಗೆ ಎಂಜಿನ್ ಮುಗಿಯಿತು. ಅದೇ ಎಂಜಿನ್ ನಿಸಾನ್ ಟೆರಾನೊದಲ್ಲಿತ್ತು, ಮಹೀಂದ್ರಾ ವೆರಿಟೊದಲ್ಲೂ ಇತ್ತು. ಬೆಲ್ಟಿಗೆ ತಾನು ಯಾವ ಕಂಪನಿಯ ಬಾನೆಟ್ಟಿನಡಿ ಇದ್ದೇನೆಂದು ಗೊತ್ತಿರುವುದಿಲ್ಲ. ಮೇಲ್ವರ್ಗದ ಕಾರುಗಳಲ್ಲೂ ಇದೇ ಪಾಠ. ಹಲವು ಕಂಪನಿಗಳು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲನ್ನು ಜೀವಮಾನಕ್ಕೆ ಒಮ್ಮೆ ತುಂಬಿದ್ದು ಎನ್ನುತ್ತವೆ. ಆ ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಜಡ್‌ಎಫ್ ಕಂಪನಿಯೇ ತನ್ನ ಎಂಟು ಗೇರಿನ ಪೆಟ್ಟಿಗೆಗೆ 80,000ದಿಂದ 1,20,000 ಕಿಲೋಮೀಟರಿನೊಳಗೆ, ಇಲ್ಲವೇ ಎಂಟು ವರ್ಷಕ್ಕೆ ಆಯಿಲ್ ಬದಲಿಸಿ ಎಂದು ಹೇಳುತ್ತದೆ. ಯಾರ ಜೀವಮಾನ ಎಂಬುದನ್ನು ಮಾಲೀಕರು ಕೇಳಬೇಕು. ವಾರಂಟಿಯ ಜೀವಮಾನವೇ ಆಗಿದ್ದರೆ ಎರಡನೆಯ ಮಾಲೀಕನ ಪಾಡು ಏನು?

ಕಿಲೋಮೀಟರಿಗೆ ಇಷ್ಟೇ ಪೈಸೆ ಎಂಬ ಜಾಹೀರಾತುಗಳನ್ನೂ ಇಲ್ಲೇ ಹಿಡಿದು ಕೇಳಬೇಕು. ಮೊದಲ ನಾಲ್ಕೈದು ವರ್ಷದ ಲೆಕ್ಕ ಕೊಟ್ಟು ಅದನ್ನು ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ ಟೈರಿನಂಥ ಸವೆಯುವ ಭಾಗಗಳು ಇದರಲ್ಲಿ ಸೇರಿಲ್ಲ ಎಂದಿರುತ್ತದೆ. ಆ ವಯಸ್ಸಿನಲ್ಲಿ ಯಾವ ಕಾರಿಗೂ ದೊಡ್ಡ ಖರ್ಚಿಲ್ಲ: ಆಯಿಲು, ಫಿಲ್ಟರು, ಅಲ್ಲಿಗೆ ಮುಗಿಯಿತು. ಕ್ಲಚ್ಚು, ಶಾಕ್ ಅಬ್ಸಾರ್ಬರು, ಎಸಿ ಕಂಪ್ರೆಸರು, ವೀಲ್ ಬೇರಿಂಗು ಕೈಕೊಡುವುದು ಅದಾದ ಮೇಲೆ. ಖರ್ಚು ಶುರುವಾಗುವ ಹೊತ್ತಿಗೆ ಜಾಹೀರಾತಿನ ಲೆಕ್ಕ ನಿಂತಿರುತ್ತದೆ.

ಆ ಖರ್ಚು ಹೇಗೆ ಹುಟ್ಟುತ್ತದೆ ಎಂದು ಹತ್ತಿರದಿಂದ ನೋಡಬೇಕಾದರೆ ಲೋವರ್ ಆರ್ಮ್ ನೋಡಿ. ಮುಂದಿನ ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡುವ ಉಕ್ಕಿನ ತೋಳು ಅದು. ಮೈಗೆ ಸೇರುವ ತುದಿಯಲ್ಲಿ ಮುಷ್ಟಿಗಾತ್ರದ ರಬ್ಬರ್ ಬುಷ್ ಇರುತ್ತದೆ. ನಮ್ಮ ಹಂಪು, ಗುಂಡಿಗಳಲ್ಲಿ ಕೆಲವು ವರ್ಷ ಓಡಿದ ಮೇಲೆ ಆ ರಬ್ಬರ್ ಸೀಳುತ್ತದೆ, ಹಂಪ್ ಹತ್ತಿಳಿದಾಗಲೆಲ್ಲ ಕಟಕಟ ಎನ್ನುತ್ತದೆ. ತೋಳಿಗೆ ಏನೂ ಆಗಿರುವುದಿಲ್ಲ. ಅಧಿಕೃತ ಸರ್ವಿಸ್ ಸೆಂಟರಿಗೆ ಹೋದರೆ ಎಷ್ಟೋ ಮಾದರಿಗಳಿಗೆ ಬುಷ್ ಬಿಡಿಯಾಗಿ ಸಿಗುವುದಿಲ್ಲ, ತೋಳನ್ನೇ ಬದಲಿಸಬೇಕು, ಒಂದು ಕಡೆ ಬದಲಿಸಿದರೆ ಇನ್ನೊಂದು ಕಡೆಯೂ ಬದಲಿಸಿ ಎನ್ನುತ್ತಾರೆ, ಸಾವಿರಗಳ ಲೆಕ್ಕ. ಅದೇ ತೋಳನ್ನು ಬೆಂಗಳೂರಿನ ಕಾಮಾಕ್ಷಿಪಾಳ್ಯದಂಥ ಕಡೆಯ ಲೇತ್ ಶಾಪಿಗೆ ಒಯ್ದರೆ ಹೈಡ್ರಾಲಿಕ್ ಪ್ರೆಸ್ಸಿನಡಿ ಇಟ್ಟು ಹಳೆಯದನ್ನು ತಳ್ಳಿ, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ತಂದ ಹೊಸದನ್ನು ಸೋಪಿನ ನೀರು ಹಚ್ಚಿ ಕೂರಿಸುತ್ತಾರೆ. ಒಳ್ಳೆಯ ಕೆಲಸಗಾರ ಹಳೆಯ ಬುಷ್ಷಿನ ಸೀಳುಗಂಡಿ ಯಾವ ದಿಕ್ಕಿಗಿತ್ತು ಎಂದು ಮೊದಲು ಗುರುತು ಹಾಕಿಕೊಳ್ಳುತ್ತಾನೆ. ತಿರುಚಿ ಕೂರಿಸಿದರೆ ರಬ್ಬರ್ ಬೇಗ ಹರಿಯುತ್ತದೆ. ಗಾಡಿಗೆ ಜೋಡಿಸಿದ ಮೇಲೆ ಬೋಲ್ಟನ್ನು ಕೊನೆಯ ಸುತ್ತು ಬಿಗಿಯುವುದು ಚಕ್ರ ನೆಲಕ್ಕೆ ಊರಿ ಭಾರ ಬಿದ್ದಾಗ. ಜ್ಯಾಕಿನ ಮೇಲೆ ತೂಗುತ್ತಿರುವಾಗಲೇ ಬಿಗಿದರೆ ಬುಷ್ ಸದಾ ತಿರುಚಿದ ಸ್ಥಿತಿಯಲ್ಲೇ ಉಳಿಯುತ್ತದೆ. ಇಷ್ಟು ಜ್ಞಾನ, ಇಷ್ಟು ಕೈಚಳಕ ಸೇರಿ ಬರುವ ಬಿಲ್ಲು ಹೊಸ ತೋಳಿನ ಬೆಲೆಯ ಸಣ್ಣ ಪಾಲು.

ಇಲ್ಲಿ ಖರ್ಚಿನ ಅಂತರ ಹುಟ್ಟಿದ್ದು ಕಂಪನಿ ಬುಷ್ಷನ್ನು ಬಿಡಿಯಾಗಿ ಮಾರುವುದಿಲ್ಲ ಎಂದು ತೀರ್ಮಾನಿಸಿದ್ದರಿಂದ. ವೀಲ್ ಬೇರಿಂಗನ್ನು ಹಬ್ ಸಮೇತ ಮಾರುವುದು, ಹೆಡ್‌ಲೈಟಿನ ಒಂದು ಪ್ಲಾಸ್ಟಿಕ್ ಕೊಕ್ಕೆ ಮುರಿದರೆ ಇಡೀ ಲೈಟನ್ನೇ ಕೊಳ್ಳುವಂತೆ ಮಾಡುವುದು, ಡೈನಮೋದ ಕಾರ್ಬನ್ ಬ್ರಷ್ ಸವೆದರೆ ಡೈನಮೋವನ್ನೇ ಕಳಚಿ ಹೊಸದು ಹಾಕುವುದು, ಎಲ್ಲವೂ ಇದೇ ಜಾತಿಯ ತೀರ್ಮಾನಗಳು. ಜಪಾನಿನವರೂ ಮಾಡುತ್ತಾರೆ, ಕೊರಿಯಾದವರೂ ಮಾಡುತ್ತಾರೆ, ನಮ್ಮವರೂ ಮಾಡುತ್ತಾರೆ. ಯಾರು ಯಾವ ಮಾದರಿಯಲ್ಲಿ ಯಾವ ಭಾಗಕ್ಕೆ ಹೀಗೆ ಮಾಡುತ್ತಾರೆ ಎಂಬ ಪಟ್ಟಿ ಕೊಳ್ಳುವವನ ಕೈಯಲ್ಲಿ ಇರಬೇಕಾದದ್ದು. ಅವನ ಕೈಯಲ್ಲಿರುವುದು ಭಾವಮೈದುನ ಹೇಳಿದ ಬ್ರಾಂಡಿನ ಹೆಸರು ಮಾತ್ರ.

ಇನ್ನು ಜಾಬ್ ಕಾರ್ಡು. ಸರ್ವಿಸ್ ಅಡ್ವೈಸರ್ ಗಾಡಿ ಸುತ್ತ ಒಂದು ಸುತ್ತು ಬಂದು ಬರೆಯುವ ಆ ಹಾಳೆಯನ್ನು ಕೈಪಿಡಿಯ ಕೊನೆಯಲ್ಲಿರುವ ಸರ್ವಿಸ್ ಕೋಷ್ಟಕದ ಪಕ್ಕ ಇಟ್ಟು ಓದಿ. ಕೋಷ್ಟಕದಲ್ಲಿ ಆಯಿಲು, ಫಿಲ್ಟರು, ಪ್ಲಗ್ಗು, ಬ್ರೇಕ್ ತಪಾಸಣೆ ಇರುತ್ತದೆ. ಹಾಳೆಯಲ್ಲಿ ಎಂಜಿನ್ ಡ್ರೆಸ್ಸಿಂಗು, ಥ್ರಾಟಲ್ ಬಾಡಿ ಕ್ಲೀನಿಂಗು, ಇಂಜೆಕ್ಟರ್ ಕ್ಲೀನಿಂಗು, ಎಸಿ ಡಿಸ್‌ಇನ್ಫೆಕ್ಷನ್ನು, ಆಂಟಿ ರಸ್ಟ್ ಕೋಟಿಂಗು ಸೇರಿರುತ್ತದೆ. ನಮ್ಮ ಮನೆಯವರೊಬ್ಬರ ಐದು ವರ್ಷದ ಪುಟ್ಟ ಕಾರಿಗೆ, ಖರ್ಚೇ ಇಲ್ಲ ಎಂದು ಊರೆಲ್ಲ ಹೊಗಳುವ ಕಾರಿಗೆ, ಬಂದ ಸರ್ವಿಸ್ ಬಿಲ್ಲಿನಲ್ಲಿ ಅರ್ಧಕ್ಕೂ ಹೆಚ್ಚು ಮೊತ್ತ ಈ ಎರಡನೆಯ ಪಟ್ಟಿಯದ್ದಾಗಿತ್ತು. ಅವರು ಅದನ್ನು ಪ್ರಶ್ನಿಸಲಿಲ್ಲ, ಕಡಿಮೆ ಖರ್ಚಿನ ಬ್ರಾಂಡಿಗೇ ಇಷ್ಟಾದರೆ ಬೇರೆಯದಕ್ಕೆ ಇನ್ನೆಷ್ಟಾಗುತ್ತಿತ್ತೋ ಎಂದು ಸಮಾಧಾನಪಟ್ಟರು. ಬ್ರಾಂಡಿನ ನಂಬಿಕೆ ಹೀಗೆ ಬಿಲ್ಲಿಗೆ ರಕ್ಷಾಕವಚವಾಗುತ್ತದೆ. ಅಡ್ವೈಸರನ್ನು ದೂರಿ ಪ್ರಯೋಜನವಿಲ್ಲ, ತಿಂಗಳಿಗೆ ಇಷ್ಟು ಮಾರಬೇಕೆಂಬ ಟಾರ್ಗೆಟ್ ಅವನ ಕುತ್ತಿಗೆಯ ಮೇಲಿದೆ.

ಬ್ರಾಂಡುಗಳ ನಡುವಿನ ಅಂತರವೇ ಸತ್ಯ ಎನ್ನುವವರು 2014ರ ಆಗಸ್ಟ್ 25ರಂದು ಭಾರತದ ಸ್ಪರ್ಧಾ ಆಯೋಗ ಕೊಟ್ಟ ಆದೇಶವನ್ನು ಓದಬೇಕು. ಬಿಡಿಭಾಗಗಳನ್ನೂ ದೋಷ ಪತ್ತೆ ಮಾಡುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದು, ಮಾಲೀಕರನ್ನು ಅಧಿಕೃತ ಡೀಲರುಗಳಿಗೇ ಕಟ್ಟಿಹಾಕಿದ್ದಕ್ಕಾಗಿ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಆ ಪಟ್ಟಿಯಲ್ಲಿ ಬಿಎಂಡಬ್ಲ್ಯು, ಮರ್ಸಿಡಿಸ್ ಇದ್ದವು. ಸ್ಕೋಡಾ, ಫೋಕ್ಸ್‌ವ್ಯಾಗನ್, ಫಿಯಟ್ ಇದ್ದವು. ಅವುಗಳ ಜೊತೆಯಲ್ಲೇ ಮಾರುತಿ, ಟೊಯೊಟಾ, ಹೋಂಡಾ, ಟಾಟಾ, ಮಹೀಂದ್ರಾ ಇದ್ದವು. ನಮ್ಮ ಜನ ಅಗ್ಗ ಎಂದು ಒಂದು ಕಡೆ, ದುಬಾರಿ ಎಂದು ಇನ್ನೊಂದು ಕಡೆ ನಿಲ್ಲಿಸಿದ ಕಂಪನಿಗಳೆಲ್ಲ ಈ ವಿಷಯದಲ್ಲಿ ಒಂದೇ ಸಾಲಿನಲ್ಲಿ ನಿಂತವು. ಆಯೋಗದ ತರ್ಕ ಬಹಳ ಮುಖ್ಯವಾದದ್ದು: ಕಾರು ಕೊಳ್ಳುವ ದಿನ ಗ್ರಾಹಕನಿಗೆ ಹತ್ತು ಆಯ್ಕೆ ಇರಬಹುದು, ಕೊಂಡ ಮರುದಿನದಿಂದ ಆ ಕಾರಿನ ಬಿಡಿಭಾಗದ ಮಾರುಕಟ್ಟೆಯಲ್ಲಿ ಕಂಪನಿಯೊಂದೇ ಒಡೆಯ. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಟೊಯೊಟಾ, ಫೋರ್ಡ್, ನಿಸಾನ್ ಪ್ರಕರಣಗಳಲ್ಲಿ ದಂಡವನ್ನು ಇಳಿಸಿತು, ತಪ್ಪು ನಡೆದಿದೆ ಎಂಬ ನಿರ್ಣಯವನ್ನು ಎತ್ತಿಹಿಡಿಯಿತು. ಯಾವ ಬ್ರಾಂಡು ಲೇಸು ಎಂದು ನಾವು ಜಗಳವಾಡುತ್ತಿದ್ದ ವರ್ಷಗಳಲ್ಲಿ ನಮ್ಮೆಲ್ಲರ ಬಿಲ್ಲನ್ನು ಏರಿಸಿದ ಕಾರಣ ಇದು. ಇದರ ಬಗ್ಗೆ ಕನ್ನಡದಲ್ಲಿ ಎಷ್ಟು ಚರ್ಚೆ ನಡೆಯಿತು?

ಬ್ರಾಂಡಿಗೆ ಯಾವ ಅರ್ಥವೂ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಸರ್ವಿಸ್ ಜಾಲ ಎಂಬುದು ನಿಜವಾದ ವಸ್ತು. ಶಿರಸಿಯಲ್ಲೋ ಲಿಂಗಸುಗೂರಿನಲ್ಲೋ ಇರುವವನಿಗೆ ಹತ್ತಿರದ ಸರ್ವಿಸ್ ಸೆಂಟರ್ ನೂರಾರು ಕಿಲೋಮೀಟರ್ ದೂರವಿದ್ದರೆ ಟೋಯಿಂಗ್ ಖರ್ಚೇ ರಿಪೇರಿಯನ್ನು ಮೀರುತ್ತದೆ; ಅಂಥವನು ಮಾರುತಿ ಕೊಳ್ಳುವುದು ವಿವೇಕ. ಕಂಪನಿಯೇ ದೇಶ ಬಿಟ್ಟುಹೋಗುವ ಅಪಾಯವೂ ನಿಜ: ಷೆವ್ರೊಲೆ 2017ರ ಕೊನೆಗೆ ಮಾರಾಟ ನಿಲ್ಲಿಸಿತು, ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಆದರೆ ಈ ಎರಡೂ ವಾದಗಳನ್ನು ಬಿಡಿಸಿ ನೋಡಿದರೆ ಅವು ಬಿಡಿಭಾಗ ಮತ್ತು ಮಾಹಿತಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೇ ಬಂದು ನಿಲ್ಲುತ್ತವೆ. ರಿಪೇರಿಯ ಕೈಪಿಡಿ, ಸ್ಕ್ಯಾನರಿನ ಸಾಫ್ಟ್‌ವೇರು, ಬಿಡಿ ಪಾರ್ಟು ಲಿಂಗಸುಗೂರಿನ ಮೆಕ್ಯಾನಿಕ್ಕಿಗೂ ನ್ಯಾಯವಾದ ಬೆಲೆಗೆ ಸಿಕ್ಕರೆ ಅಲ್ಲಿ ಯಾವ ಕಾರನ್ನೂ ಸಾಕಬಹುದು. ಡೀಸೆಲ್ ಪಂಪು, ಇಂಜೆಕ್ಟರು ರಿಪೇರಿ ಮಾಡುವ ಕೈಗಳಿಗೆ ನಮ್ಮಲ್ಲಿ ಬರವಿಲ್ಲ. 1951ರಲ್ಲಿ ಶುರುವಾದ, ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೊ, ಅಂದರೆ ಇವತ್ತಿನ ಬಾಷ್, ಹಲವು ಕಂಪನಿಗಳ ಗಾಡಿಗಳಿಗೆ ಇಂಥ ಭಾಗಗಳನ್ನು ಕೊಡುತ್ತ ಬಂದಿದೆ. ಬ್ರಾಂಡಿನ ಗೋಡೆಯನ್ನು ಕಾರ್ಖಾನೆಗಳು ಎಂದೋ ದಾಟಿವೆ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು, ಆ ವರ್ಷದ ಡಿಸೆಂಬರ್ 24ರಂದು ಅದಕ್ಕಾಗಿ ಪೋರ್ಟಲ್ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಪೋರ್ಟಲಿನಲ್ಲಿ ಕಂಪನಿಯ ಸಂಪರ್ಕ, ವಾರಂಟಿಯ ವಿವರ ಹಾಕಿದರೆ ಸಾಲದು. ಪ್ರತಿ ಮಾದರಿಯ ಕ್ಲಚ್ಚು, ಲೋವರ್ ಆರ್ಮ್ ಬುಷ್ಷು, ಇಂಜೆಕ್ಟರು, ಗೇರ್‌ಬಾಕ್ಸಿನ ಕಂಟ್ರೋಲ್ ಯೂನಿಟ್ಟು ಬಿಡಿಯಾಗಿ ಸಿಗುತ್ತದೆಯೇ, ಬೆಲೆ ಎಷ್ಟು, ಬದಲಿಸಲು ಎಷ್ಟು ಗಂಟೆಯ ಮಜೂರಿ, ಎಷ್ಟು ವರ್ಷ ಆ ಭಾಗದ ಸರಬರಾಜು ಖಾತ್ರಿ ಎಂಬುದು ಕಾರು ಕೊಳ್ಳುವ ಮೊದಲೇ ಶೋರೂಮಿನಲ್ಲಿ ತೂಗುಹಾಕಿರಬೇಕು, ಎಕ್ಸ್‌ಶೋರೂಂ ಬೆಲೆ ಹಾಕಿರುವ ಹಾಗೆಯೇ. ಇದನ್ನು ಕಡ್ಡಾಯ ಮಾಡುವಂತೆ ಕೇಳಬೇಕಾದವರು ಮಾಲೀಕರು.

ಈಗಲೇ ಕೇಳದಿದ್ದರೆ ತಡವಾಗುತ್ತದೆ, ಏಕೆಂದರೆ ಎಲೆಕ್ಟ್ರಿಕ್ ಕಾರುಗಳ ವಿಷಯದಲ್ಲಿ ಅದೇ ಹಳೆಯ ಮಾತು ಶುರುವಾಗಿದೆ: ಆ ಕಂಪನಿಯ ಬ್ಯಾಟರಿ ಗಟ್ಟಿ, ಈ ಕಂಪನಿಯದ್ದು ದುಬಾರಿ. ಬ್ಯಾಟರಿ ಪ್ಯಾಕ್ ಎಂದರೆ ಹಲವು ಮಾಡ್ಯೂಲುಗಳನ್ನು ಜೋಡಿಸಿದ ಒಂದು ಪೆಟ್ಟಿಗೆ. ಅದರಲ್ಲಿ ಒಂದು ಮಾಡ್ಯೂಲ್ ಸೊರಗಿದರೆ ಅದೊಂದನ್ನೇ ಬದಲಿಸಿಕೊಡುತ್ತಾರೆಯೇ, ಪೂರ್ತಿ ಪ್ಯಾಕ್ ಬದಲಿಸಬೇಕೇ? ಪ್ಯಾಕಿನ ಆರೋಗ್ಯದ ಲೆಕ್ಕ ಇಟ್ಟಿರುವ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ಮಿನ (ಬಿಎಂಎಸ್) ಮಾಹಿತಿಯನ್ನು ಹೊರಗಿನ ಗ್ಯಾರೇಜಿನವನು ಓದಬಹುದೇ? ಕಾರಿನ ಬೆಲೆಯಲ್ಲಿ ಬ್ಯಾಟರಿಯ ಪಾಲೇ ದೊಡ್ಡದಾದ್ದರಿಂದ, ಬುಷ್ಷಿನಲ್ಲಿ ಸಾವಿರಗಳ ಅಂತರ ತಂದ ಪ್ರಶ್ನೆ ಇಲ್ಲಿ ಲಕ್ಷಗಳ ಅಂತರ ತರುತ್ತದೆ. ಟಾಟಾ ನೆಕ್ಸಾನ್ ಇವಿ ಬಂದದ್ದು 2020ರ ಜನವರಿಯಲ್ಲಿ, ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿಯೊಂದಿಗೆ. ಆ ಮೊದಲ ಗಾಡಿಗಳಿಗೆ 2028ಕ್ಕೆ ಎಂಟು ವರ್ಷ ತುಂಬುತ್ತದೆ, ಆ ಹೊತ್ತಿಗೆ ಅವುಗಳಲ್ಲಿ ಹಲವು ಎರಡನೆಯ ಮಾಲೀಕರ ಕೈ ಸೇರಿರುತ್ತವೆ. ಒಂದು ಮಾಡ್ಯೂಲಿನ ಬೆಲೆ ಎಷ್ಟು, ಅದನ್ನು ಯಾರು ಹಾಕಿಕೊಡಬಹುದು ಎಂಬುದನ್ನು ಎಲ್ಲ ಕಂಪನಿಗಳೂ ಅದಕ್ಕೆ ಮೊದಲೇ ಬರೆದು ಪ್ರಕಟಿಸಬೇಕು.